ಹಿಂದುಳಿದವರಲ್ಲಿ ಮೊದಲಿಗರು

ಸಭೆಯಲ್ಲಿ ಅಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಸಭೆಯನ್ನೇ ಅಳಿಸಬಲ್ಲವರನ್ನು ನೋಡಿದ್ದು ಒಬ್ಬರನ್ನು ಮಾತ್ರ. ಕಲಬುರಗಿ ಹತ್ತಿರದ ಕಮಲಾಪುರದಿಂದ ಒಳಗೆ, ಮನಸ್ಸು ಬಂದಾಗ ಮಾತ್ರ ಬಸ್ಸು ಹೋಗುವ ಒಂದು ಊರಿನ ಪಂಚಾಯತಿ ಸದಸ್ಯರು ಅವರು. ಹೆಸರು ಬೇಡ. ಹೇಳಿದರೆ ಅವರ ಊರಿನವರು ಇವತ್ತಿಗೂ ಎರಡು ಪಂಗಡವಾಗಿ ನನ್ನ ಮನೆಗೇ ಜಗಳಕ್ಕೆ ಬರುತ್ತಾರೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ಇಲ್ಲಿಯೂ ಕಾಕಾ ಆಗಿಯೇ ಇರಲಿ. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ನನಗೆ ಅವರ ಪರಿಚಯವಾದದ್ದು ನನ್ನ ಹೆಂಡತಿಯ ಕೃಪೆಯಿಂದ. ಪ್ರೌಢಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ಕೂತು ಅವಳ ಅಡುಗೆಯಲ್ಲಿ ತಪ್ಪು ತಿದ್ದುತ್ತಿದ್ದೆ. ಬೇಸತ್ತು ಅವಳೇ ಯಾರಿಗೋ ಹೇಳಿಸಿ ನನ್ನನ್ನು ಒಕ್ಕೂಟದ ಕಚೇರಿಗೆ ಅಟ್ಟಿದಳು. ಕಲಬುರಗಿಯಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳು, ಅದೇ ಕಚೇರಿ. ಒಂಟಿಯಾಗಿ ಹೋದರೆ ಯಾವ ಸಾಹೇಬರೂ ಕುರ್ಚಿ ತೋರಿಸದ ಸಣ್ಣ ಪಂಚಾಯತಿಗಳೆಲ್ಲ ಸೇರಿ ಕಟ್ಟಿಕೊಂಡ ಸಂಘ ಅದು. ನಮ್ಮ ಭಾಗಕ್ಕೆ ನೀರು ಕೊಡಿ, ರಸ್ತೆ ಕೊಡಿ, ಡಾಕ್ಟರನ್ನು ಕೊಡಿ ಎಂದು ಸರಕಾರದ ಬಾಗಿಲು ಬಡಿಯುವುದು ಅದರ ಉದ್ಯೋಗ. ಪೂರ್ತಿ ಹೆಸರು ಬ್ಯಾನರಿನ ಮೇಲೆ ಎರಡು ಸಾಲು ಹಿಡಿಯುತ್ತಿತ್ತಾದ್ದರಿಂದ ನಾವು ಬರೀ ಒಕ್ಕೂಟ ಅನ್ನುತ್ತಿದ್ದೆವು. ಪ್ರತಿಯೊಂದು ಪಂಚಾಯತಿಯೂ ವರ್ಷಕ್ಕೊಮ್ಮೆ ಸದಸ್ಯತ್ವ ಮುಂದುವರಿಸುತ್ತೇವೆ ಎಂದು ಠರಾವು ಮಾಡಿ, ತನ್ನ ಪರವಾಗಿ ಒಬ್ಬ ಪ್ರತಿನಿಧಿಯನ್ನು ಕಳಿಸಬೇಕು. ಆ ಪ್ರತಿನಿಧಿಗಳು ಮಾತಾಡಿದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ.

ಕಾಕಾ ಮಾತಿಗೆ ನಿಂತರೆ ಮೊದಲು ಒಂದು ಗ್ಲಾಸು ನೀರು ಕೇಳುತ್ತಿದ್ದರು. ಯಾರೋ ತಂದುಕೊಡುತ್ತಿದ್ದರು. ಅದನ್ನು ಎತ್ತಿ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, ಕುಡಿಯದೆ ಹಾಗೇ ಮೇಜಿನ ಮೇಲೆ ಇಡುತ್ತಿದ್ದರು. ಆಮೇಲೆ ಮೆಲ್ಲಗೆ, ತಮ್ಮ ಊರಿನ ಹೆಣ್ಣುಮಕ್ಕಳು ಇಷ್ಟು ತಿಳಿ ನೀರು ನೋಡಿ ಎಷ್ಟು ದಿನವಾಯಿತೋ ಅನ್ನುತ್ತಿದ್ದರು. ಅಷ್ಟೇ ಸಾಕು, ವೇದಿಕೆಯ ಮೇಲಿನ ಅಧಿಕಾರಿಗಳು ತಮ್ಮ ಮುಂದಿದ್ದ ನೀರಿನ ಬಾಟಲಿಗಳನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸುತ್ತಿದ್ದರು. ಎತ್ತರದ ಆಳು, ಬಿಳಿ ಧೋತರ, ಹೆಗಲ ಮೇಲೆ ಸದಾ ಒದ್ದೆಯಾದಂತೆ ಕಾಣುವ ಒಂದು ಟವೆಲ್ಲು. ಆ ಟವೆಲ್ಲು ಕಣ್ಣಿನ ಹತ್ತಿರ ಹೋಯಿತೆಂದರೆ ಹಿಂದಿನ ಸಾಲಿನಲ್ಲಿ ಮೂಗೊರೆಸುವ ಸದ್ದು ಕೇಳುತ್ತಿತ್ತು.

ನಾನು ಇದನ್ನೆಲ್ಲ ನಡಾವಳಿಯಲ್ಲಿ "ಪ್ರತಿನಿಧಿಗಳು ಕುಡಿಯುವ ನೀರಿನ ಕುರಿತು ಸಭೆಯ ಗಮನ ಸೆಳೆದರು" ಎಂದು ಬರೆಯುತ್ತಿದ್ದೆ. ಕಾಕಾ ಬಗ್ಗಿ ಓದಿ, ಇದರಲ್ಲಿ ಅಳುವೆಲ್ಲಿ ಎಂದು ಕೇಳುತ್ತಿದ್ದರು. ಅಳುವನ್ನು ಬರೆಯುವ ಪದ್ಧತಿ ಇಲ್ಲ ಎಂದರೆ, ಹಾಗಾದರೆ ಮಾಸ್ತರರೇ, ನೀವು ನಮ್ಮ ಊರನ್ನು ಒಣಗಿಸಿ ಫೈಲಿನಲ್ಲಿ ಇಡುತ್ತೀರಿ ಎಂದು ನಗುತ್ತಿದ್ದರು.

ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಇಲ್ಲಿ ಹೇಳಬೇಕು. ಒಕ್ಕೂಟದಲ್ಲಿ ಎಲ್ಲರೂ ಒಟ್ಟಿಗೆ ಕೇಳುತ್ತಾರೆ, ಆದರೆ ಸಿಗುವುದು ಒಂದೋ ಎರಡೋ ಊರಿಗೆ. ಯಾವ ಊರು ಹೆಚ್ಚು ಹಿಂದುಳಿದಿದೆಯೋ ಅದಕ್ಕೆ ಮೊದಲು. ಹೀಗಾಗಿ ನಮ್ಮ ಸಭೆಗಳಲ್ಲಿ ಹಿಂದುಳಿಯುವುದಕ್ಕೆ ಭಯಂಕರ ಪೈಪೋಟಿ. ಒಬ್ಬರು ತಮ್ಮ ಶಾಲೆಗೆ ಹಾವು ಬರುತ್ತದೆ ಎಂದರೆ ಇನ್ನೊಬ್ಬರು ತಮ್ಮಲ್ಲಿ ಹಾವಿಗೂ ಬರಲು ರಸ್ತೆ ಇಲ್ಲ ಅನ್ನುತ್ತಿದ್ದರು. ಅಂಥವರ ನಡುವೆ ಕಾಕಾ ಯಾವಾಗಲೂ ಮುಂದು. ತಮ್ಮ ಊರನ್ನು ಅವರು ಎಷ್ಟು ಚೆನ್ನಾಗಿ ಬೈಯುತ್ತಿದ್ದರೆಂದರೆ ಕೇಳಿದವರಿಗೆ ಆ ಊರಿನ ಮೇಲೆ ಪ್ರೀತಿ ಬಂದುಬಿಡುತ್ತಿತ್ತು.

ಅವರ ಪಂಚಾಯತಿಯಲ್ಲಿ ಮಾತ್ರ ಪ್ರತಿ ವರ್ಷ ಸದಸ್ಯತ್ವದ ಠರಾವು ಬಂದಾಗ ಯಾರಾದರೂ ಎದ್ದು, ಈ ಒಕ್ಕೂಟದಿಂದ ನಮಗೆ ಸಿಕ್ಕದ್ದೇನು ಎಂದು ಕೇಳುತ್ತಿದ್ದರಂತೆ. ಕಾಕಾ ಗಂಭೀರವಾಗಿ, ಕಲಬುರಗಿಯಲ್ಲಿ ನಮ್ಮ ಊರಿನ ಹೆಸರು ತೆಗೆದರೆ ದೊಡ್ಡ ದೊಡ್ಡವರು ಕಣ್ಣೀರು ಹಾಕುತ್ತಾರೆ, ಇದಕ್ಕಿಂತ ಇನ್ನೇನು ಬೇಕು ಅನ್ನುತ್ತಿದ್ದರು. ಠರಾವು ಪಾಸಾಗುತ್ತಿತ್ತು.

ಸಭೆಗೆ ಬರುವಾಗ ಅವರು ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣಿನ ಒಂದು ಗೊನೆಯನ್ನೇ ಹೆಚ್ಚುಕಡಿಮೆ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದರು. ಆ ಹಣ್ಣಿನ ಬಣ್ಣ, ದಪ್ಪ, ವಾಸನೆ ನೋಡಿದರೆ ಯಾವ ಅಧಿಕಾರಿಗೂ ಈ ಕಡೆ ಬರಗಾಲ ಇದೆ ಎಂದು ನಂಬಿಕೆ ಬರುವುದಿಲ್ಲ. ಅದಕ್ಕೇ ಭಾಷಣ ಮುಗಿಯುವವರೆಗೆ ಚೀಲ ನನ್ನ ಮೇಜಿನ ಕೆಳಗಿರುತ್ತಿತ್ತು, ಸಾಹೇಬರ ಕಾರು ಹೋದಮೇಲೆ ಹಂಚಿಕೆ. ಇವು ಯಾರ ತೋಟದವು ಎಂದು ನಾನು ಕೆಣಕಿದರೆ, ಕಮಲಾಪುರದವಪ್ಪಾ, ನಮ್ಮ ಊರಿನಲ್ಲಿ ಇಂಥದಕ್ಕೆ ನೀರೆಲ್ಲಿ ಎಂದು ಒಂದು ಹಣ್ಣು ಸುಲಿದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಒಮ್ಮೆ ಒಂದು ಸಮಿತಿ ಅವರ ಊರಿನ ಸ್ಥಿತಿಗತಿ ನೋಡಲು ಹೊರಟಿತು. ನಾನೂ ಜೊತೆಗಿದ್ದೆ. ದುರದೃಷ್ಟಕ್ಕೆ ಆ ವರ್ಷವೇ ಅವರ ಊರಿಗೆ ಹೊಸ ಡಾಂಬರು ರಸ್ತೆ ಆಗಿತ್ತು. ಕಾಕಾ ಮುಂದಿನ ಸೀಟಿನಲ್ಲಿ ಕೂತು, ಡ್ರೈವರನಿಗೆ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತ, ಹಳೆಯ ಬಂಡಿ ದಾರಿಯಲ್ಲಿ ಕಾರು ಇಳಿಸಿದರು. ಹಿಂದಿನ ರಾತ್ರಿ ಮಳೆಯಾಗಿತ್ತು. ಕರಿಮಣ್ಣಿನಲ್ಲಿ ಚಕ್ರ ಹೂತುಹೋಯಿತು. ಊರಿನವರು ಓಡಿಬಂದು ದೂಡಿದರು. ಸಮಿತಿಯವರೂ ಪ್ಯಾಂಟು ಮಡಚಿಕೊಂಡು ಇಳಿದರು. ಕಾಕಾ ಒಂದು ಕಡೆ ನಿಂತು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ದುಃಖವೋ ನಗುವೋ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಹೊಸ ರಸ್ತೆ ಕಾಣದಂತೆ ಅವರನ್ನು ಮರಳಿ ಕಳಿಸಿದ್ದು ತಮ್ಮ ಜೀವಮಾನದ ಸಾಧನೆ ಎಂದು ಬಹಳ ಕಾಲ ಹೇಳಿಕೊಳ್ಳುತ್ತಿದ್ದರು.

ಆದರೆ ನೀರಿನ ವಿಷಯದಲ್ಲಿ ಅವರು ಹೇಳುತ್ತಿದ್ದುದರಲ್ಲಿ ಸುಳ್ಳು ಬಹಳ ಇರಲಿಲ್ಲ. ಬೇಸಿಗೆಯಲ್ಲಿ ಅವರ ಊರಿನ ಬೋರು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಟ್ಯಾಂಕರು ಬಂದ ದಿನ ಕೊಡಗಳ ಜಗಳ, ಬಾರದ ದಿನ ದೂರದ ಹೊಲದ ಬಾವಿಗೆ ನಡಿಗೆ. ಅದನ್ನು ಅವರು ಸ್ವಲ್ಪ ಬಣ್ಣ ಹಚ್ಚಿ ಹೇಳುತ್ತಿದ್ದರು. ಬಣ್ಣ ಹಚ್ಚದೆ ಹೇಳಿದರೆ ನಮ್ಮಲ್ಲಿ ಕೇಳುವವರು ಯಾರು?

ಒಕ್ಕೂಟದ ದೊಡ್ಡ ಸಮಾವೇಶ ಕಲಬುರಗಿಯಲ್ಲಿ ನಡೆದಾಗ ಅವರು ತಮ್ಮ ಭಾಷಣಕ್ಕೆ ಒಂದು ಹೊಸ ಮಾತು ಸೇರಿಸಿದರು. ಗ್ಲಾಸಿನ ಕೆಲಸ ಮುಗಿದಿತ್ತು, ಟವೆಲ್ಲು ಅರ್ಧ ದಾರಿಗೆ ಬಂದಿತ್ತು. "ಸಾಹೇಬ್ರ, ನೀರಿಲ್ಲಂತ ನಮ್ಮ ಊರಿಗಿ ಹೆಣ್ಣು ಕೊಡೋರು ಇಲ್ರಿ. ಕೊಡ ಹೊರಾಕ ಯಾರು ಮಗಳನ್ನ ಕೊಡ್ತಾರ?" ಎಂದರು. ಅಂಥ ಚಪ್ಪಾಳೆ ನಮ್ಮ ಒಕ್ಕೂಟ ಅದಕ್ಕೆ ಮೊದಲು ಕೇಳಿರಲಿಲ್ಲ. ಮರುದಿನ ಪತ್ರಿಕೆಯಲ್ಲಿ ಅವರ ಫೋಟೋ, ಅದರ ಮೇಲೆ ದಪ್ಪಕ್ಷರದಲ್ಲಿ ಅದೇ ಮಾತು. ನಾವು ಅದನ್ನು ಕತ್ತರಿಸಿ ಕಚೇರಿಯ ಗೋಡೆಗೆ ಅಂಟಿಸಿದೆವು.

ಅದೇ ವಾರ ಅವರ ಮಗನ ನಿಶ್ಚಿತಾರ್ಥ ಆಗಬೇಕಿತ್ತು. ಮಗ ಕಪನೂರಿನ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಕೆಲಸ ಮಾಡುತ್ತಿದ್ದ. ಒಬ್ಬನೇ ಮಗ, ಮಾತು ಕಡಿಮೆ, ಊರಿನಿಂದಲೇ ಓಡಾಡುತ್ತಿದ್ದ. ಹುಡುಗಿ ತಾಜಸುಲ್ತಾನಪುರದವಳು. ಅವಳ ಅಪ್ಪ ಪತ್ರಿಕೆ ಓದುವ ಮನುಷ್ಯ. ಅವರು ಫೋನು ಮಾಡಿ, ಬಹಳ ಗೌರವದಿಂದಲೇ, ಸಂಬಂಧ ಬೇಡ ಎಂದರಂತೆ. ಕಾಕಾ ಕಾರಣ ಕೇಳಿದ್ದಕ್ಕೆ, "ನೀವ ಹೇಳೀರಲ್ರಿ ಪೇಪರದಾಗ" ಎಂದರಂತೆ.

ಮರುದಿನ ಕಾಕಾ ಒಕ್ಕೂಟದ ಕಚೇರಿಗೆ ಬಂದರು. ಆವತ್ತು ಬಾಳೆಹಣ್ಣು ಇರಲಿಲ್ಲ. ಗೋಡೆಯ ಮೇಲಿನ ತಮ್ಮ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತು ನಡೆದದ್ದೆಲ್ಲ ಹೇಳಿದರು. ಅದು ಭಾಷಣದ ಮಾತು, ಅದನ್ನು ಮನೆಯ ಮಾತು ಅಂತ ತಿಳಿದುಕೊಂಡರೆ ಹೇಗೆ ಎಂದು ನನ್ನನ್ನೇ ಕೇಳಿದರು. ಮಗ ಬೈದನೇ ಎಂದೆ. ಬೈದಿದ್ದರೆ ಚೆನ್ನಾಗಿತ್ತು, ಊಟದ ತಟ್ಟೆಯ ಮುಂದೆ ಕೂತು ಒಂದೇ ಮಾತು ಹೇಳಿದ ಎಂದರು. "ಅಪ್ಪಾ, ಊರು ಬೈಯೋ ಮುಂದ ಆ ಊರಾಗ ನಾನೂ ಇದ್ದೀನಿ ಅಂತ ನೆನಪಿರಲಿಲ್ಲೇನು ನಿನಗ?" ಇದನ್ನು ಹೇಳುವಾಗ ಕಾಕಾ ಟವೆಲ್ಲಿಗೆ ಕೈ ಹಾಕಲಿಲ್ಲ. ಕಣ್ಣೀರು ಹಾಗೇ ಇಳಿಯಿತು. ಅವರು ನಿಜವಾಗಿ ಅಳುವುದು ನೋಡಿದ್ದು ನಾನು ಆವತ್ತೇ ಮೊದಲು.

ಆಮೇಲೆ ಎರಡು ಮೂರು ಕಡೆ ಹೆಣ್ಣು ನೋಡಿದರು. ಎಲ್ಲ ಕಡೆಯೂ ಆ ಪತ್ರಿಕೆ ಅವರಿಗಿಂತ ಮೊದಲೇ ಹೋಗಿ ಚಹಾ ಕುಡಿದು ಕೂತಿರುತ್ತಿತ್ತು. ಹುಡುಗನಿಗೆ ವಯಸ್ಸು ಏರುತ್ತಿತ್ತು. ಒಕ್ಕೂಟದ ಅಧ್ಯಕ್ಷರಿಗೆ ಮಾತ್ರ ಇದರಲ್ಲಿ ಬೇರೆಯೇ ಬೆಳಕು ಕಂಡಿತು. ನೀರಿಲ್ಲದ್ದಕ್ಕೆ ಮದುವೆ ಮುರಿದುಬಿದ್ದ ಒಂದು ಜೀವಂತ ಉದಾಹರಣೆ ನಮ್ಮ ಕೈಯಲ್ಲಿದೆ, ಇದನ್ನು ಬಳಸಿಕೊಳ್ಳಬೇಕು ಎಂದು ನನ್ನ ಹತ್ತಿರ ಉತ್ಸಾಹದಿಂದ ಹೇಳಿದರು.

ಬಳಸಿಕೊಳ್ಳುವ ಸಂದರ್ಭವೂ ಬಂತು. ನದಿಯಿಂದ ಪೈಪು ಹಾಕಿ ಹಳ್ಳಿಗಳಿಗೆ ನೀರು ಕೊಡುವ ಕೆಲಸ ಮಂಜೂರಾಗಿ, ಮೊದಲ ಹಂತದಲ್ಲಿ ಯಾವ ಯಾವ ಊರು ಎಂಬುದನ್ನು ಗೊತ್ತುಮಾಡಲು ಒಬ್ಬ ಹಿರಿಯ ಅಧಿಕಾರಿ ನಮ್ಮ ಸಭೆಗೇ ಬರುವುದಾಗಿ ಒಪ್ಪಿದರು. ಪ್ರತಿನಿಧಿಗಳು ಎದ್ದು ತಮ್ಮ ಊರಿನ ಸ್ಥಿತಿ ಹೇಳಬೇಕು, ಅಧಿಕಾರಿ ಅಲ್ಲೇ ತೀರ್ಮಾನ ಮಾಡುತ್ತಾರೆ. ಕಾಕಾರ ಊರು ಸಿಕ್ಕೇ ಸಿಗುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಪೈಪೋಟಿಯವರೂ ಆಸೆ ಬಿಟ್ಟಿದ್ದರು.

ಸಭೆಯ ದಿನ ಕಾಕಾ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, ಮೂರನೆಯ ಸಾಲಿನಲ್ಲಿ ಕೂತ ಬಿಳಿ ಟೋಪಿಯ ಒಬ್ಬರನ್ನು ತೋರಿಸಿದರು. ಕಲಬುರಗಿಯಲ್ಲೇ ಒಂದು ಹೊಸ ಸಂಬಂಧ ನೋಡಿದ್ದರು. ಹುಡುಗಿ ಡಿಗ್ರಿ ಓದಿದವಳು, ಹುಡುಗನನ್ನು ಮೆಚ್ಚಿದ್ದಳು. ಟೋಪಿಯವರು ಅವಳ ಸೋದರಮಾವ. ಊರಿನ ಬಗ್ಗೆ ಏನೇನೋ ಕೇಳಿದ್ದೇವೆ, ನೀವು ಸಭೆಯಲ್ಲಿ ಏನು ಹೇಳುತ್ತೀರೋ ಒಮ್ಮೆ ಕೇಳಿಕೊಂಡು ಆಮೇಲೆ ನಮ್ಮ ಮಾತು ತಿಳಿಸುತ್ತೇವೆ ಎಂದು ಬಂದು ಕೂತಿದ್ದರು. ನಾನು ಏನು ಮಾಡುತ್ತೀರಿ ಎಂದು ಕೇಳಿದೆ. ಕಾಕಾ ಹೆಗಲ ಟವೆಲ್ಲು ಸರಿಮಾಡಿಕೊಂಡು ಒಳಗೆ ಹೋದರು.

ಅವರ ಹೆಸರು ಕರೆದಾಗ ಸಭೆಯಲ್ಲಿ ಟವೆಲ್ಲು, ಕರವಸ್ತ್ರಗಳು ಮೊದಲೇ ಸಿದ್ಧವಾದವು. ಕಾಕಾ ನೀರು ಕೇಳಿದರು. ಗ್ಲಾಸು ಬಂತು. ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಗಟಗಟ ಎಂದು ಪೂರ್ತಿ ಕುಡಿದುಬಿಟ್ಟರು. ನನ್ನ ಪಕ್ಕದಲ್ಲಿದ್ದ ಅಧ್ಯಕ್ಷರು ಅರ್ಧ ಎದ್ದು ನಿಂತರು.

"ನಮ್ಮ ಊರಾಗ ನೀರು ಬರ್ತಾವ್ರಿ ಸಾಹೇಬ್ರ. ಬ್ಯಾಸಗ್ಯಾಗ ಒಂದೀಟು ಕಡಿಮಿ, ಅದು ಎಲ್ಲಾ ಕಡಿ ಹಂಗ. ರಸ್ತಾ ಅದ, ಬಸ್ ಅದ. ನಮ್ಮ ಊರು ಛಲೋ ಅದ್ರಿ" ಎಂದರು. ಧ್ವನಿ ಸಣ್ಣದಾಗಿತ್ತು, ಆದರೆ ಮೂರನೆಯ ಸಾಲಿಗೆ ಕೇಳಿಸುವಷ್ಟಿತ್ತು. ಅಷ್ಟು ಹೇಳಿ ಕೂತರು. ಅಧಿಕಾರಿ ಬಹುಶಃ ತಮ್ಮ ನೌಕರಿಯಲ್ಲೇ ಮೊದಲ ಸಲ ಒಂದು ಊರಿನಲ್ಲಿ ಎಲ್ಲ ಚೆನ್ನಾಗಿದೆ ಎಂಬ ಮಾತು ಕೇಳಿದ್ದರು. ಬಹಳ ಸಂತೋಷಪಟ್ಟು ಆ ಊರನ್ನು ಪಟ್ಟಿಯಿಂದ ತೆಗೆದರು. ನಾನು ನಡಾವಳಿಯಲ್ಲಿ "ಸದರಿ ಗ್ರಾಮದಲ್ಲಿ ನೀರಿನ ಸಮಸ್ಯೆ ಇಲ್ಲವೆಂದು ಪ್ರತಿನಿಧಿಗಳು ತಿಳಿಸಿದರು" ಎಂದು ಬರೆದೆ.

ಆಮೇಲಿನದು ಊಹಿಸಬಹುದು. ಊರಿನಲ್ಲಿ ಹೆಂಗಸರು ಅವರ ಮನೆಯ ಮುಂದೆ ಖಾಲಿ ಕೊಡ ಬೋರಲು ಹಾಕಿ ಹೋದರು. ಪಂಚಾಯತಿ ತುರ್ತು ಸಭೆ ಕರೆದು ಕಾಕಾರನ್ನು ಪ್ರತಿನಿಧಿ ಸ್ಥಾನದಿಂದ ತೆಗೆದುಹಾಕಿತು. ಅಷ್ಟಕ್ಕೆ ಸಿಟ್ಟು ತಣಿಯದೆ, ಒಕ್ಕೂಟದ ಸದಸ್ಯತ್ವವನ್ನೇ ಮುಂದುವರಿಸುವುದು ಬೇಡ ಎಂದು ಠರಾವು ಮಾಡಿತು. ಇಷ್ಟು ವರ್ಷ ಆ ಸದಸ್ಯತ್ವವನ್ನು ಉಳಿಸಿಕೊಂಡು ಬಂದವರು ಕಾಕಾ. ಆ ಸಭೆಯಲ್ಲಿ ಅದರ ಪರವಾಗಿ ಮಾತಾಡಲು ಅವರಿಗೆ ಬಾಯಿ ಇರಲಿಲ್ಲ.

ಮದುವೆ ಮಾತ್ರ ಆಯಿತು. ನಾನು ಹೋಗಿದ್ದೆ. ಊಟ ಚೆನ್ನಾಗಿತ್ತು, ಬೀಗರ ಕಡೆಯವರಿಗೆ ಕೈ ತೊಳೆಯಲು, ಕುಡಿಯಲು ನೀರು ಧಾರಾಳ. ಕೈ ತೊಳೆಯಲು ಹಿಂದಕ್ಕೆ ಹೋದವನಿಗೆ ಚಪ್ಪರದ ಹಿಂದೆ ಬಣ್ಣ ಬಣ್ಣದ ಪರದೆಗಳನ್ನು ಕಟ್ಟಿ ಒಂದು ಟ್ಯಾಂಕರು ಮುಚ್ಚಿಟ್ಟದ್ದು ಕಂಡಿತು. ಕಾಕಾ ನನ್ನ ಪಕ್ಕ ಬಂದು ನಿಂತು, ಪರದೆ ಎಳೆದು ಸರಿಮಾಡಿದರು.

ಆದರೆ ಸೊಸೆಯಾಗಿ ಬಂದವಳಿಂದ ಟ್ಯಾಂಕರನ್ನು ಎಷ್ಟು ದಿನ ಮುಚ್ಚಿಡಲಾಗುತ್ತದೆ? ಕಾಕಾ ಬೆಳಗಾಗುವ ಮೊದಲೇ ಎದ್ದು, ಹಳೆಯ ಮೊಪೆಡ್ಡಿಗೆ ಕೊಡ ಕಟ್ಟಿಕೊಂಡು ಹೊಲದ ಬಾವಿಗೆ ಹೋಗಿ, ಅವಳು ಏಳುವಷ್ಟರಲ್ಲಿ ಹಂಡೆ ತುಂಬಿಸಿಡುತ್ತಿದ್ದರಂತೆ. ದಾರಿಯಲ್ಲಿ ಸಿಕ್ಕವರು, ಏನು ಕಾಕಾ, ಊರು ಛಲೋ ಅದಲ್ಲಾ ಎಂದು ಚುಚ್ಚುತ್ತಿದ್ದರು. ಸೊಸೆ ಕೆಲವೇ ದಿನಗಳಲ್ಲಿ ಎಲ್ಲ ತಿಳಿದುಕೊಂಡಳು. ಜಗಳ ಮಾಡಲಿಲ್ಲ. ಒಂದು ದಿನ ಅವರಿಗಿಂತ ಮೊದಲೇ ಎದ್ದು ಕೊಡ ಹಿಡಿದು ಹೊರಟುಬಿಟ್ಟಳು. ಆವತ್ತು ಕಾಕಾ ಊಟ ಮಾಡಲಿಲ್ಲ ಎಂದು ಮಗ ನನಗೆ ಹೇಳಿದ.

ಕೊನೆಯ ಸಲ ಅವರು ಸಿಕ್ಕದ್ದು ಕಮಲಾಪುರದ ಬಸ್ ನಿಲ್ದಾಣದಲ್ಲಿ. ಬಹಳ ಇಳಿದುಹೋಗಿದ್ದರು. ಹಳೆಯ ರೂಢಿಯಂತೆ ನನಗೊಂದು ಕೆಂಪು ಬಾಳೆಹಣ್ಣು ಕೊಟ್ಟರು. ಇನ್ನೊಂದು ಅರ್ಜಿ ಹಾಕೋಣ, ನಾನು ಬರೆದುಕೊಡುತ್ತೇನೆ ಎಂದೆ. ಅದಕ್ಕೆ ಅವರು, "ಮಾಸ್ತರ, ಇದ್ದ ಕಷ್ಟಕ್ಕ ಇಲ್ಲದ್ದು ಸೇರಿಸಿ ಹೇಳ್ದೆ. ಕಡೀಕ ಇದ್ದದ್ದನ್ನೂ ಇಲ್ಲ ಅಂದೆ. ಇನ್ ನಾ ಖರೇ ಹೇಳಿದ್ರ ಯಾರು ನಂಬ್ತಾರ್ರಿ?" ಎಂದರು. ಅದನ್ನು ಹೇಳಿ ನಕ್ಕರು. ಆ ನಗು ನೋಡಲಾಗದೆ ನಾನು ಬಸ್ಸಿನ ಬೋರ್ಡು ಓದುವ ನೆಪ ಮಾಡಿದೆ.

ಅವರು ತೀರಿಕೊಂಡಾಗ ಒಕ್ಕೂಟ ಕಲಬುರಗಿಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿತು. ಅವರ ಊರು ಈಗ ಸದಸ್ಯ ಅಲ್ಲವಲ್ಲ ಎಂದು ಯಾರೋ ತಕರಾರು ತೆಗೆದರು. ಸತ್ತವರಿಗೆ ಸದಸ್ಯತ್ವ ಬೇಕಿಲ್ಲ ಎಂದು ಅಧ್ಯಕ್ಷರು ದೊಡ್ಡ ಮನಸ್ಸು ತೋರಿಸಿದರು. ಆ ಹಿರಿಯ ಅಧಿಕಾರಿಯೂ ಬಂದರು. ತಮ್ಮ ಊರು ಚೆನ್ನಾಗಿದೆ ಎಂದ ಆ ಒಬ್ಬ ಮನುಷ್ಯನನ್ನು ಅವರು ಮರೆತಿರಲಿಲ್ಲ. ಒಬ್ಬೊಬ್ಬರೇ ಎದ್ದು ಕಾಕಾರನ್ನು ಹೊಗಳಿದರು. ಬದುಕಿದ್ದಾಗ ಅವರನ್ನು ತೆಗೆದುಹಾಕಿದ ಪಂಚಾಯತಿಯವರೇ ಎಲ್ಲರಿಗಿಂತ ಹೆಚ್ಚು ಹೊಗಳಿದರು. ಅವರ ಸತ್ಯನಿಷ್ಠೆಯ ಬಗ್ಗೆಯೂ ಒಬ್ಬರು ಮಾತಾಡಿದರು.

ಕೊನೆಗೆ ಮನೆಯವರ ಪರವಾಗಿ ಸೊಸೆಯನ್ನು ಎರಡು ಮಾತಿಗೆ ಕರೆದರು. ಅವಳು ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. ಅಳಲಿಲ್ಲ.

"ನಮ್ಮ ಮಾವಾರು ಇಲ್ಲೇ ನಿಂತು, ಊರಾಗ ನೀರು ಬರ್ತಾವ ಅಂದಿದ್ರು. ಅದು ಸುಳ್ಳು. ನನ್ನ ಸಲುವಾಗಿ ಹೇಳಿದ ಸುಳ್ಳು. ಈಗ ನಾನ ದಿನಾ ಹೊಲದ ಬಾವಿಯಿಂದ ಹೊರ್ತೀನಿ. ಸಾಯೋ ಮುಂದ ನನ್ನ ಕರದು ಹೇಳ್ಯಾರ. ನಾ ಸತ್ತರ ಮಂದಿ ಸಭಾ ಮಾಡ್ತಾರ, ಸಾಹೇಬ್ರು ಬರ್ತಾರ, ಸತ್ತವರ ಸಭಾದಾಗ ಯಾರೂ ಅಡ್ಡ ಮಾತಾಡೂದಿಲ್ಲ. ಅವತ್ತು ನಮ್ಮ ಮಾವ ಸುಳ್ಳು ಹೇಳ್ಯಾನ ಅಂತ ಹೇಳಿಬಿಡವಾ, ಅಂದಾರ. ನೀರಿಲ್ರಿ ನಮ್ಮ ಊರಾಗ. ಮಾಸ್ತರ, ಬರಕೊಳ್ರಿ."

ನಾನು ಅವಳು ಹೇಳಿದ ಹಾಗೇ ಬರೆದೆ, ಒಂದಕ್ಷರ ತಿದ್ದಲಿಲ್ಲ. ಅಧ್ಯಕ್ಷರು ಏನು ಮಾಡುವುದೋ ತಿಳಿಯದೆ ಎರಡು ನಿಮಿಷ ಮೌನ ಎಂದು ಸಾರಿದರು. ಎಲ್ಲರೂ ಎದ್ದು ನಿಂತರು. ಅಧಿಕಾರಿಯೂ ಎರಡು ಕೈ ಕಟ್ಟಿಕೊಂಡು, ಒಂದು ಪ್ರಶ್ನೆಯನ್ನೂ ಕೇಳಲಾಗದೆ ನಿಂತರು. ಮೌನ ಮುಗಿದ ಮೇಲೆ ಪದ್ಧತಿಯಂತೆ ನಾನು ಶ್ರದ್ಧಾಂಜಲಿಯ ಠರಾವು ಓದಿದೆ: ನಮ್ಮನ್ನಗಲಿದ ಸದರಿ ಹಿರಿಯರ ಊರಿನಲ್ಲಿ ಕುಡಿಯುವ ನೀರಿಲ್ಲ, ಇದೆ ಎಂದು ಅವರು ಹೇಳಿದ್ದು ಸುಳ್ಳು, ಅವರ ಆತ್ಮಕ್ಕೆ ಶಾಂತಿ ಸಿಗಲಿ. ಮಂಜೂರೇ ಎಂದು ಅಧ್ಯಕ್ಷರು ಕೇಳಿದರು. ಸತ್ತವರ ಠರಾವಿಗೆ ಬೇಡ ಅನ್ನುವವರು ಯಾರು? ಎಲ್ಲ ಕೈಗಳೂ ಮೇಲೆದ್ದವು. ಎಲ್ಲಕ್ಕಿಂತ ನಿಧಾನವಾಗಿ, ಸೊಸೆಯನ್ನೇ ನೋಡುತ್ತ, ಸಾಹೇಬರದೂ ಎದ್ದಿತು.